ಗೂಟದ ಮೇಲಿನ ನಿಚ್ಚಣಿಕೆ

ಏಣಿಯಷ್ಟು ಸರಳವಾದ ಸಾಧನ ಲೋಕದಲ್ಲಿ ಇನ್ನೊಂದಿರಲಾರದು. ಎರಡು ಉದ್ದನೆಯ ಗಳುಗಳು, ಅವುಗಳ ನಡುವೆ ಒಂದೂವರೆ ಗೇಣಿಗೊಂದರಂತೆ ಅಡ್ಡಪಟ್ಟಿಗಳು, ಇಷ್ಟಾದರೆ ಏಣಿಯಾಯಿತು. ಅದಕ್ಕೆ ಎತ್ತಿನಂತೆ ಮೇವು ಬೇಡ, ಗಾಡಿಯಂತೆ ಕೀಲೆಣ್ಣೆ ಬೇಡ. ಕೆಲಸವಿಲ್ಲದಾಗ ಗೋಡೆಗೆ ಒರಗಿಕೊಂಡು ಸುಮ್ಮನಿರುತ್ತದೆ. ಬೇಕೆಂದಾಗ ಹೆಗಲೇರಿ ಬರುತ್ತದೆ. ನಮ್ಮ ಮಾತಿನಲ್ಲಿಯೂ ಅದಕ್ಕೆ ದೊಡ್ಡ ಸ್ಥಾನವುಂಟು. ಆಗದ ಹಂಬಲವುಳ್ಳವನನ್ನು ಕಂಡು ‘ಆಕಾಶಕ್ಕೆ ಏಣಿ ಹಾಕುವವನು’ ಎಂದು ನಗುತ್ತೇವೆ. ಉಪಕಾರ ಮರೆತವನನ್ನು ಕಂಡು ‘ಹತ್ತಿದ ಏಣಿಯನ್ನು ಒದ್ದವನು’ ಎಂದು ಮರುಗುತ್ತೇವೆ. ಆದರೆ ಏಣಿಯ ನಿಜವಾದ ಬೆಲೆ ಅದು ಇದ್ದಾಗ ತಿಳಿಯುವುದಿಲ್ಲ, ಇಲ್ಲದಾಗ ತಿಳಿಯುತ್ತದೆ. ಈ ಮಾತನ್ನು ನಾನು ಯಾವ ಗ್ರಂಥದಿಂದಲೂ ಕಲಿತದ್ದಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗ, ನಮ್ಮ ಓಣಿಯಲ್ಲಿ, ಒಂದು ಬೇಸಗೆಯ ಮಧ್ಯಾಹ್ನ ಕಲಿತದ್ದು.

ನನ್ನ ಊರು ಐಹೊಳೆ. ಮಲಪ್ರಭೆಯ ದಂಡೆಯ ಈ ಊರು ಆಗ ವಿಜಾಪುರ ಜಿಲ್ಲೆಗೆ ಸೇರಿತ್ತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಅದರೊಳಗಾಯಿತು. ಚಾಲುಕ್ಯರ ಕಾಲದ ನೂರಕ್ಕೂ ಮಿಕ್ಕ ಗುಡಿಗಳಿಂದ ನಮ್ಮೂರಿನ ಹೆಸರು ದೂರದೂರಕ್ಕೆ ಹಬ್ಬಿದೆ. ಹೊರಗಿನವರಿಗೆ ಅವು ಇತಿಹಾಸದ ಸ್ಮಾರಕಗಳು. ನಮಗಾದರೋ ಅವು ನೆರೆಹೊರೆ. ಗುಡಿಗಳ ನಡುವೆ ಮನೆಗಳು, ಮನೆಗಳ ನಡುವೆ ಗುಡಿಗಳು. ಗುಡಿಗಳಲ್ಲಿಯೇ ಒಲೆ ಹೂಡಿ ಸಂಸಾರ ಮಾಡಿದವರ ಕಥೆಗಳನ್ನು ನಾನು ಹಿರಿಯರ ಬಾಯಿಂದ ಕೇಳಿದ್ದೇನೆ. ಪ್ರಸಿದ್ಧವಾದ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಒಂದು ಕಾಲದಲ್ಲಿ ಅದರೊಳಗೆ ವಾಸವಾಗಿದ್ದ ಒಬ್ಬ ವ್ಯಕ್ತಿಯಿಂದ.

ಆ ಗುಡಿಯನ್ನು ನೀವು ನೋಡಿದ್ದರೆ ಒಂದು ವಿಶೇಷ ಕಣ್ಣಿಗೆ ಬಿದ್ದಿರಬೇಕು. ಅದರ ಮಾಡು ಕಲ್ಲಿನದು. ಆದರೆ ಮರದ ಮಾಡಿನಂತೆ ಕಾಣುತ್ತದೆ. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಗಳನ್ನು ಮುಚ್ಚಲು ಮರದ ತೊಲೆಗಳಂತಹ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಇಟ್ಟಿದ್ದಾರೆ. ಮರದಲ್ಲಿ ಕಟ್ಟುತ್ತಿದ್ದ ಕುಶಲಿಗಳು ಕಲ್ಲಿಗೆ ಕೈಯಿಟ್ಟಾಗ ಹಳೆಯ ಅಭ್ಯಾಸವನ್ನು ಬಿಡಲಿಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ಮರವನ್ನು ಗೆದ್ದಲು ತಿನ್ನುತ್ತದೆ, ಬೆಂಕಿ ನುಂಗುತ್ತದೆ. ಕಲ್ಲು ಎರಡಕ್ಕೂ ಅಂಜದು. ಆ ಗುಡಿಯ ಒಳಗಿನಿಂದ ಮಾಳಿಗೆಯ ಮೇಲಿರುವ ಚಿಕ್ಕ ಗುಡಿಗೆ ಏರಿಹೋಗಲು ಏಣಿಯೊಂದಿದೆ. ಅದೂ ಕಲ್ಲಿನದೇ. ಬಾಲ್ಯದಲ್ಲಿ ನಾವು ಅದನ್ನು ಕಂಡು ಅಚ್ಚರಿಪಡುತ್ತಿದ್ದೆವು. ಏಣಿಯೆಂದರೆ ಅತ್ತಿತ್ತ ಒಯ್ಯುವಂಥದು. ಒಯ್ಯಲಾಗದ ಏಣಿಯನ್ನು ಯಾರಾದರೂ ಮಾಡುವರೇ ಎಂದು ನಗುತ್ತಿದ್ದೆವು. ಅದರಲ್ಲಿ ನಗಲು ಏನೂ ಇಲ್ಲವೆಂಬುದು ಆಮೇಲೆ ತಿಳಿಯಿತು.

ನಮ್ಮ ಕಡೆ ಏಣಿಗೆ ನಿಚ್ಚಣಿಕೆಯೆಂದು ಹೆಸರು. ನಮ್ಮ ಓಣಿಗೆಲ್ಲ ಉದ್ದವಾದ ನಿಚ್ಚಣಿಕೆ ಒಂದೇ ಒಂದಿತ್ತು. ಇಪ್ಪತ್ತೆರಡು ಮೆಟ್ಟಿಲುಗಳ ಬಿದಿರಿನ ನಿಚ್ಚಣಿಕೆ ಅದು. ಓಣಿಯವರೆಲ್ಲ ವಂತಿಗೆ ಹಾಕಿ ಮಾಡಿಸಿದ್ದರು. ನಮ್ಮ ಮನೆಯ ಹೊರಗೋಡೆಗೆ ಬಡಿದ ಮೂರು ಗೂಟಗಳ ಮೇಲೆ ಅದು ಅಡ್ಡಲಾಗಿ ಮಲಗಿರುತ್ತಿತ್ತು. ಮಾಳಿಗೆಯ ಮಣ್ಣು ಸರಿಪಡಿಸಲು, ಬಣವೆ ಒಟ್ಟಲು, ಮದುವೆಯ ಹಂದರ ಕಟ್ಟಲು ಯಾರು ಬೇಕಾದರೂ ಒಯ್ಯಬಹುದು. ಒಂದೇ ಒಂದು ಕಟ್ಟಳೆಯಿತ್ತು: ಒಯ್ದವರು ಕೆಲಸ ಮುಗಿದೊಡನೆ ತಂದು ಗೂಟದ ಮೇಲಿಡಬೇಕು. ಆ ಕಟ್ಟಳೆಯನ್ನು ಯಾರೂ ಬರೆದಿರಲಿಲ್ಲ. ಯಾರೂ ಮೀರಿಯೂ ಇರಲಿಲ್ಲ.

1969ರ ಬೇಸಗೆ. ಶಾಲೆಗೆ ರಜೆ. ಹೊಳೆಯ ದಂಡೆಯ ಹುಣಸೆಯ ಮರದಲ್ಲಿ ಕೈಗೆ ನಿಲುಕದ ಎತ್ತರದಲ್ಲಿ ಕಾಯಿಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ನಾನೂ ನನ್ನ ಗೆಳೆಯನೊಬ್ಬನೂ ಬೆಳಗಿನ ಹೊತ್ತಿನಲ್ಲಿ, ದೊಡ್ಡವರೆಲ್ಲ ಹೊಲಕ್ಕೆ ಹೋದುದನ್ನು ನೋಡಿಕೊಂಡು, ನಿಚ್ಚಣಿಕೆಯನ್ನು ಗೂಟದಿಂದ ಇಳಿಸಿ ಹಿಂದೊಬ್ಬ ಮುಂದೊಬ್ಬ ಹೊತ್ತು ನಡೆದೆವು. ಉಡಿ ತುಂಬ ಕಾಯಿ ಕಿತ್ತೆವು. ಹೊಳೆಯಲ್ಲಿ ಈಜಿದೆವು. ಬಿಸಿಲೇರಿ ಹಸಿವಾದಾಗ ಮನೆಯ ನೆನಪಾಯಿತು, ನಿಚ್ಚಣಿಕೆಯ ನೆನಪಾಗಲಿಲ್ಲ. ಅದು ಹುಣಸೆಯ ಮರಕ್ಕೆ ಒರಗಿಕೊಂಡೇ ಉಳಿಯಿತು.

ನಮ್ಮ ಓಣಿಯ ತುದಿಗೆ ಒಂದು ಒಂಟಿ ಮನೆಯಿತ್ತು. ಹಳೆಯ ಕಲ್ಲುಕಟ್ಟೆಯ ಮೇಲೆ ಕಟ್ಟಿದ್ದರಿಂದ ಅದು ಉಳಿದ ಮನೆಗಳಿಗಿಂತ ಎತ್ತರ. ಅಲ್ಲಿ ಒಬ್ಬ ಮುದುಕಿಯೂ ಅವಳ ನಾಲ್ಕು ವರ್ಷದ ಮೊಮ್ಮಗನೂ ಮಾಳಿಗೆಯ ಮೇಲೆ ಸಂಡಿಗೆ ಕಾಯುತ್ತ ಕುಳಿತಿದ್ದರು. ಮನೆಗೆ ಹೊಂದಿ ಜೋಳದ ಕಣಿಕೆಯ ಬಣವೆ. ಎಲ್ಲಿಂದ ಕಿಡಿ ಹಾರಿತೋ ಯಾರೂ ಕಾಣಲಿಲ್ಲ. ಒಣಗಿದ ಕಣಿಕೆಗೆ ಬೆಂಕಿ ತಗುಲಿದರೆ ಕೇಳಬೇಕೆ! ನೋಡುನೋಡುತ್ತಿದ್ದಂತೆ ಬಣವೆಯಿಂದ ಹಿತ್ತಲ ಬಾಗಿಲಿಗೆ, ಬಾಗಿಲಿಂದ ಒಳಗಿನ ಕಂಬ ತೊಲೆಗಳಿಗೆ ಬೆಂಕಿ ಹಬ್ಬಿತು. ಅವರು ಮಾಳಿಗೆಗೆ ಏರಿದ ಒಳಗಿನ ಚಿಕ್ಕ ಏಣಿಯಿದ್ದ ಬೆಳಕಿಂಡಿಯಿಂದ ಈಗ ಕರಿಯ ಹೊಗೆ ಕಂಬದಂತೆ ಏಳತೊಡಗಿತು.

‘ನಿಚ್ಚಣಿಕಿ ತರ್ರಿ, ನಿಚ್ಚಣಿಕಿ!’ ಎಂಬ ಕೂಗು ಓಣಿಯನ್ನೆಲ್ಲ ತುಂಬಿತು. ಇಬ್ಬರು ನಮ್ಮ ಮನೆಯ ಕಡೆಗೆ ಓಡಿಬಂದರು. ಗೂಟಗಳು ಬರಿದಾಗಿದ್ದವು. ನಾನು ಬಾಗಿಲಲ್ಲಿ ನಿಂತಿದ್ದೆ. ‘ಯಾರು ಒಯ್ದಾರ?’ ಎಂದು ಒಬ್ಬರು ನನ್ನನ್ನೇ ಕೇಳಿದರು. ನನಗೆ ಗೊತ್ತಿತ್ತು. ಆದರೆ ನಾಲಿಗೆ ಏಳಲಿಲ್ಲ. ತಂದೆಯವರ ಕೋಪದ ಮುಖ ಕಣ್ಣ ಮುಂದೆ ನಿಂತಿತು. ಎಷ್ಟು ಹೊತ್ತು ಹಾಗೆ ನಿಂತೆನೋ ಹೇಳಲಾರೆ. ಒಂದು ನಿಮಿಷವಿರಬಹುದು, ಅದಕ್ಕೂ ಕಡಿಮೆಯಿರಬಹುದು. ಕೊನೆಗೆ ಬಾಯಿಬಿಟ್ಟವನು ನಾನಲ್ಲ, ನನ್ನ ಗೆಳೆಯ. ‘ಹೊಳಿ ದಂಡ್ಯಾಗ ಐತಿ’ ಎಂದು ಕೂಗಿ ಅವನೇ ಮುಂದಾಗಿ ಓಡಿದ. ನಾನು ನಿಂತಲ್ಲಿಯೇ ನಿಂತೆ.

ಹೊಳೆಯ ದಂಡೆ ದೂರ. ಅಷ್ಟರಲ್ಲಿ ಜನ ಚಕ್ಕಡಿಯನ್ನು ಗೋಡೆಗೆ ಹೊಂದಿಸಲು ನೋಡಿದರು. ಎತ್ತುಗಳು ಉರಿಗೆ ಬೆದರಿ ಹಿಂದೆಗೆದವು. ನಾಲ್ವರು ಕೌದಿಯೊಂದನ್ನು ಬಿಗಿಯಾಗಿ ಹಿಡಿದು ನಿಂತರು. ಮುದುಕಿ ಮೊಮ್ಮಗನನ್ನು ಎತ್ತಿ ಅದರೊಳಗೆ ಹಾಕಿದಳು. ಕೂಸಿಗೆ ಏನೂ ಆಗಲಿಲ್ಲ. ಬಳಿಕ ಅವಳು ಜಿಗಿದಳು. ಕೌದಿ ಹರಿಯಿತು. ಕಟ್ಟೆಯ ಕಲ್ಲಿಗೆ ಸೊಂಟ ಬಡಿಯಿತು. ನಿಚ್ಚಣಿಕೆ ಬಂದಾಗ ಅವಳನ್ನು ಮನೆಗೆ ಹೊತ್ತೊಯ್ಯಲು ಅದೇ ಚಟ್ಟವಾಯಿತು.

ಅವಳು ಬದುಕಿದಳು. ಆದರೆ ಮತ್ತೆ ನಡೆಯಲಿಲ್ಲ. ನಮ್ಮ ಮನೆಗೆ ಎದುರಾದ ಪಡಸಾಲೆಯೊಂದರಲ್ಲಿ ಬಂಧುಗಳು ಅವಳನ್ನು ಇರಿಸಿಕೊಂಡರು. ಯಾರೂ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಗೆಳೆಯನೂ ನನ್ನ ಹೆಸರು ಹೇಳಲಿಲ್ಲ. ಹುಡುಗರಾರೋ ಒಯ್ದರೆಂದು ಮಾತು ಅಲ್ಲಿಗೇ ನಿಂತಿತು. ಆ ಶಿಕ್ಷೆಯಿಲ್ಲದ ಸ್ಥಿತಿಯೇ ನನಗೆ ದೊಡ್ಡ ಶಿಕ್ಷೆಯಾಯಿತು. ದಿನಾ ಅವಳಿಗೆ ಒಂದು ತಂಬಿಗೆ ನೀರು ಒಯ್ದು ಕೊಡುವುದನ್ನು ನಾನಾಗಿಯೇ ರೂಢಿ ಮಾಡಿಕೊಂಡೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ನನ್ನನ್ನು ಕರೆದು ಒಂದೇ ಮಾತು ಕೇಳುತ್ತಿದ್ದಳು: ‘ತಮ್ಮಾ, ನಿಚ್ಚಣಿಕಿ ಗೂಟದಾಗ ಐತೇನು ನೋಡು.’ ನಾನು ಹೋಗಿ ನೋಡಿ ಬಂದು ‘ಐತಿ, ಆಯಿ’ ಎನ್ನುತ್ತಿದ್ದೆ. ಆಮೇಲೆ ಅವಳು ಕಣ್ಣು ಮುಚ್ಚುತ್ತಿದ್ದಳು.

ನಾಲ್ಕು ವರ್ಷ ಹೀಗೆ ನಡೆಯಿತು. ಒಂದು ಸಂಜೆ ತಡೆಯಲಾರದೆ ಹೇಳಿಬಿಟ್ಟೆ: ‘ಆಯಿ, ಅವತ್ತ ಅದನ್ನ ಒಯ್ದಾವ ನಾನs.’ ಅವಳು ನನ್ನ ಮುಖವನ್ನು ನೋಡಿದಳು. ‘ಗೊತ್ತೈತಿ,’ ಎಂದಳು, ‘ಅದಕ್ಕs ನಿನ್ನ ಕೇಳತೀನಿ.’ ಆ ಮಾತಿನಲ್ಲಿ ಕೋಪವಿರಲಿಲ್ಲ. ಅದೇ ವರ್ಷ ಮಳೆಗಾಲದಲ್ಲಿ ಅವಳು ತೀರಿಕೊಂಡಳು.

ಮುಂದೆ ನಾನು ಓದಿದೆ, ಶಿಕ್ಷಕನಾದೆ, ನಿವೃತ್ತನೂ ಆದೆ. 2023ರ ಬೇಸಗೆಯಲ್ಲಿ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಒಂದು ಭಾನುವಾರ ಅವನು ನನ್ನನ್ನು ಹಳೆಯ ವಾಹನಗಳ ಮೇಳಕ್ಕೆ ಕರೆದೊಯ್ದ. ಹಸಿರು ಮೈದಾನದ ತುಂಬ ಹೊಳೆಯುವ ಮುದಿ ಗಾಡಿಗಳು. ಅವುಗಳ ನಡುವೆ ಕೆಂಪು ಬಣ್ಣದ ಒಂದು ಅಗ್ನಿಶಾಮಕ ವಾಹನ ನಿಂತಿತ್ತು. ಅದರ ಬೆನ್ನ ಮೇಲೆ ಉದ್ದಕ್ಕೂ ಮಲಗಿದ್ದುದು ಉಕ್ಕಿನ ಒಂದು ಏಣಿ. ನನ್ನ ಕಾಲುಗಳು ತಾವಾಗಿ ಅಲ್ಲಿ ನಿಂತವು. ಗಾಡಿಯನ್ನು ನೋಡಿಕೊಳ್ಳುತ್ತಿದ್ದ ನರೆಗೂದಲಿನ ಮನುಷ್ಯ 1970ರ ದಶಕದಲ್ಲಿ ಅಂಥದೇ ಏಣಿಯ ಮೇಲೆ ಕೆಲಸ ಮಾಡಿದ ನಿವೃತ್ತ ಅಗ್ನಿಶಾಮಕ. ನನ್ನ ಕುತೂಹಲವನ್ನು ಕಂಡು ಅವನು ಅದರ ವೃತ್ತಾಂತವನ್ನು ಹೇಳತೊಡಗಿದ. ಊರಿಗೆ ಬಂದ ಮೇಲೆ ನಾನೂ ಆ ವಿಷಯದಲ್ಲಿ ಕೆಲವು ಪುಸ್ತಕಗಳನ್ನು ತಿರುವಿಹಾಕಿದೆ.

ಬೆಂಕಿಯಿಂದ ಜನರನ್ನು ಇಳಿಸಲೆಂದೇ ಏಣಿಗಳನ್ನು ಇಡುವ ಪದ್ಧತಿ ಲಂಡನ್ನಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಲಗೊಂಡಿತು. ಅಬ್ರಹಾಂ ವಿವೆಲ್ ಎಂಬ ಚಿತ್ರಕಾರನು 1836ರ ಸುಮಾರಿಗೆ ದೊಡ್ಡ ಗಾಲಿಗಳ ಮೇಲೆ ತಳ್ಳಿಕೊಂಡು ಹೋಗಬಹುದಾದ ಏಣಿಯೊಂದನ್ನು ರೂಪಿಸಿದನು. ಜನರ ಮುಖಗಳನ್ನು ಬರೆಯುತ್ತಿದ್ದವನಿಗೆ ಜನರ ಪ್ರಾಣದ ಚಿಂತೆ ಹತ್ತಿದ್ದು ಎಂಥ ಸೋಜಿಗ! ಬೆಂಕಿಯಿಂದ ಜೀವರಕ್ಷಣೆಗಾಗಿಯೇ ಹುಟ್ಟಿದ ಸಂಘವೊಂದು ಇಂಥ ಏಣಿಗಳನ್ನು ನಗರದ ಬೀದಿಗಳಲ್ಲಿ ನಿಲ್ಲಿಸಿ, ರಾತ್ರಿಯೆಲ್ಲ ಅವುಗಳ ಬಳಿ ಕಾವಲುಗಾರರನ್ನು ಇರಿಸುತ್ತಿತ್ತು. 1867ರಲ್ಲಿ ಆ ಏಣಿಗಳು ಲಂಡನ್ ಮಹಾನಗರದ ಅಗ್ನಿಶಾಮಕ ದಳದ ವಶಕ್ಕೆ ಬಂದವು. ಇದನ್ನು ಓದಿದಾಗ ನನಗೆ ನಮ್ಮ ಮೂರು ಗೂಟಗಳು ನೆನಪಾದವು. ದೇಶ ಬೇರೆ, ಭಾಷೆ ಬೇರೆ, ಕಟ್ಟಳೆ ಒಂದೇ.

ಆದರೆ ಗೋಡೆಗೆ ಒರಗಿಸುವ ಏಣಿಗೆ ಒಂದು ದೊಡ್ಡ ಕೊರತೆಯುಂಟು. ಅದು ನಿಲ್ಲಲು ಗೋಡೆ ಬೇಕು. ಉರಿಯುತ್ತಿರುವ ಗೋಡೆ, ಕುಸಿಯುತ್ತಿರುವ ಗೋಡೆ ಅದಕ್ಕೆ ಆಸರೆಯಾಗಬಲ್ಲುದೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಖ್ಯನಾದವನು ಜರ್ಮನಿಯ ಉಲ್ಮ್ ನಗರದ ಕಾನ್ರಾಡ್ ಡೀಟ್ರಿಚ್ ಮಾಗಿರುಸ್. ಅವನು 1872ರಲ್ಲಿ ಗಾಲಿಯ ಏಣಿಯೊಂದನ್ನು ಮಾಡಿದನು. ಅವನು ಕಟ್ಟಿದ ಕಾರ್ಖಾನೆಯಿಂದ 1892ರಲ್ಲಿ ಕುದುರೆಗಳು ಎಳೆಯುವ ತಿರುಗುಮಣೆ ಏಣಿ ಹೊರಬಂದಿತು. ತಿರುಗುಮಣೆಯೆಂದರೆ ಗಾಡಿಯ ಮೇಲೆ ಅಳವಡಿಸಿದ, ಕುಂಬಾರನ ತಿಗರಿಯಂತೆ ಸುತ್ತುವ ದುಂಡನೆಯ ಪೀಠ. ಏಣಿಯ ಬುಡ ಆ ಪೀಠಕ್ಕೆ ಕೂಡಿಕೊಂಡಿರುತ್ತದೆ. ಆದ್ದರಿಂದ ಗಾಡಿ ನಿಂತಲ್ಲಿಯೇ ನಿಂತಿದ್ದರೂ ಏಣಿ ಎಂಟು ದಿಕ್ಕಿಗೂ ತಿರುಗಬಲ್ಲುದು. ಯಾವ ಗೋಡೆಯನ್ನೂ ಮುಟ್ಟದೆ ಬಯಲಿನಲ್ಲಿ ತಾನಾಗಿಯೇ ನಿಲ್ಲಬಲ್ಲುದು.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಅನೇಕ ದಳಗಳು ತಮ್ಮ ಡೆನ್ನಿಸ್, ಲೇಲ್ಯಾಂಡ್ ಗಾಡಿಗಳ ಮೇಲೆ ಜರ್ಮನಿಯ ಮೆಟ್ಜ್ ಮತ್ತು ಮಾಗಿರುಸ್ ಏಣಿಗಳನ್ನೇ ಕೂರಿಸಿಕೊಂಡಿದ್ದವು. ಯುದ್ಧ ಹತ್ತಿದಾಗ ಒಂದು ವಿಚಿತ್ರ ನಡೆಯಿತು. 1940ರ ಸೆಪ್ಟೆಂಬರಿನಿಂದ ಜರ್ಮನ್ ವಿಮಾನಗಳು ರಾತ್ರಿ ರಾತ್ರಿ ಲಂಡನ್ನಿನ ಮೇಲೆ ಬೆಂಕಿಯ ಮಳೆ ಸುರಿಸಿದವು. ಆ ಬೆಂಕಿಯ ನಡುವೆ ಲಂಡನ್ನಿನ ಅಗ್ನಿಶಾಮಕರು ಏರಿ ನಿಂತದ್ದು ಜರ್ಮನ್ ಕುಶಲಿಗಳು ಮಾಡಿದ ಏಣಿಗಳ ಮೇಲೆ. ಮನುಷ್ಯನ ಒಂದು ಕೈ ಕೊಳ್ಳಿಯಿಟ್ಟರೆ ಇನ್ನೊಂದು ಕೈ ಏಣಿ ಹಿಡಿಯುತ್ತದೆ. ಶತ್ರುದೇಶದಿಂದ ಹೊಸ ಏಣಿಗಳು ಬರುವುದು ನಿಂತುಹೋದುದರಿಂದ ಬ್ರಿಟನ್ ತನ್ನ ಏಣಿಗಳನ್ನು ತಾನೇ ಮಾಡಿಕೊಳ್ಳಬೇಕಾಯಿತು. 1941ರಲ್ಲಿ ಎಲ್ಲ ದಳಗಳನ್ನೂ ಒಂದುಗೂಡಿಸಿ ರಾಷ್ಟ್ರೀಯ ಅಗ್ನಿಶಾಮಕ ಸೇವೆಯನ್ನು ಕಟ್ಟಿದರು. ಲಂಡನ್ನಿನ ಗ್ರೀನಿಚ್‌ನಲ್ಲಿದ್ದ ಮೆರಿವೆದರ್ ಕಂಪನಿ ಆಸ್ಟಿನ್ ಲಾರಿಗಳ ಮೇಲೆ ಕೈಯಿಂದ ತಿರುವುವ 60 ಅಡಿಯ ಏಣಿಗಳನ್ನೂ, ಲೇಲ್ಯಾಂಡ್ ಗಾಡಿಗಳ ಮೇಲೆ 100 ಅಡಿಯ ಉಕ್ಕಿನ ಏಣಿಗಳನ್ನೂ ಅದಕ್ಕಾಗಿ ಮಾಡಿಕೊಟ್ಟಿತು.

ಯುದ್ಧ ಮುಗಿಯಿತು. 1948ರ ಏಪ್ರಿಲ್ 1ರಂದು ಅಗ್ನಿಶಾಮಕ ದಳಗಳು ಮತ್ತೆ ಕೌಂಟಿಗಳಿಗೂ ನಗರಸಭೆಗಳಿಗೂ ಮರಳಿದವು. ದೇಶ ಬಡವಾಗಿತ್ತು, ಯುದ್ಧಕಾಲದ ಗಾಡಿಗಳನ್ನೇ ತೇಪೆ ಹಾಕಿಕೊಂಡು ಓಡಿಸಬೇಕಾಗಿತ್ತು. 1950ರ ದಶಕದಲ್ಲಿ ಮೆಲ್ಲಮೆಲ್ಲನೆ ಹೊಸವು ಬಂದವು. ನಾನು ಕಂಡ ಗಾಡಿ ಆ ಕಾಲದ್ದು: ಎ.ಇ.ಸಿ. ರೀಜೆಂಟ್ ಚಾಸಿಯ ಮೇಲೆ ಮೆರಿವೆದರ್ ಕಂಪನಿಯ 100 ಅಡಿಯ ಏಣಿ. ಲಂಡನ್ನಿನ ಕೆಂಪು ಎರಡಂತಸ್ತಿನ ಬಸ್ಸುಗಳನ್ನು ಹೊತ್ತು ತಿರುಗುತ್ತಿದ್ದುದೂ ಅದೇ ಜಾತಿಯ ಚಾಸಿಯೇ. ಒಂದೇ ಬೆನ್ನು ಊರಿನ ಜನವನ್ನು ಕೆಲಸಕ್ಕೆ ಒಯ್ಯುತ್ತಿತ್ತು, ಕೆಟ್ಟ ಗಳಿಗೆಯಲ್ಲಿ ಅವರನ್ನು ಕೆಳಗೆ ಇಳಿಸಲೂ ಬರುತ್ತಿತ್ತು. ಹಗೆ ಮರೆತ ಮೇಲೆ ಜರ್ಮನ್ ಏಣಿಗಳೂ ಮತ್ತೆ ಬಂದವು. ಡೆನ್ನಿಸ್ ಗಾಡಿಗಳ ಮೇಲೆ ಮೆಟ್ಜ್, ಬೆಡ್‌ಫರ್ಡ್ ಗಾಡಿಗಳ ಮೇಲೆ ಮಾಗಿರುಸ್ ಏಣಿಗಳು ಕಾಣಿಸಿಕೊಂಡವು.

ಆ ಮುದುಕ ಏಣಿಯ ಚಲನೆಗಳನ್ನು ನಮಗೆ ಮಾಡಿ ತೋರಿಸಿದ. ಮೊದಲು ಗಾಡಿಯ ನಾಲ್ಕು ಮೂಲೆಗಳಿಂದ ಜಾಕುಗಳನ್ನು ನೆಲಕ್ಕೆ ಊರಿದ. ಊರದಿದ್ದರೆ ಏಣಿ ಒಂದು ಪಕ್ಕಕ್ಕೆ ಚಾಚಿದಾಗ ಗಾಡಿಯೇ ಮಗುಚಬಹುದು. ಗಾಡಿಯ ಎಂಜಿನ್ನಿನ ಬಲವೇ ಏಣಿಗೂ ಬಲ. ಒಂದು ಸನ್ನೆಯನ್ನು ಎಳೆದ. ಏಣಿ ಮಲಗಿದಲ್ಲಿಂದ ಮೆಲ್ಲನೆ ತಲೆಯೆತ್ತಿತು. ಇನ್ನೊಂದನ್ನು ಎಳೆದ, ಪೀಠ ತಿರುಗಿತು. ಮತ್ತೊಂದನ್ನು ಎಳೆದ, ಒಂದರೊಳಗೊಂದು ಅಡಗಿದ್ದ ಏಣಿಗಳು ದುರ್ಬೀನಿನ ಕೊಳವೆಗಳಂತೆ ಒಂದೊಂದಾಗಿ ಹೊರಬಂದವು. ಎತ್ತುವುದು, ತಿರುಗಿಸುವುದು, ಚಾಚುವುದು: ಮೂರೇ ಚಲನೆಗಳು. ನೆಲ ಓರೆಯಾಗಿದ್ದರೆ ಮೆಟ್ಟಿಲುಗಳನ್ನು ಸಮತಲಕ್ಕೆ ತರುವ ಏರ್ಪಾಡು ಬೇರೆ. ಏಣಿಯ ಬುಡದಲ್ಲಿ ಗಡಿಯಾರದಂಥ ಮುಖಫಲಕವಿತ್ತು. ಎಷ್ಟು ಓರೆಯಾಗಿದ್ದರೆ ಎಷ್ಟು ಉದ್ದ ಚಾಚಬಹುದೆಂಬುದನ್ನು ಅದು ಹೇಳುತ್ತದೆ. ನೆಟ್ಟಗೆ ನಿಂತ ಏಣಿ ಪೂರ್ತಿ ಬೆಳೆಯಬಹುದು. ಹೊರಚಾಚಿದ ಏಣಿ ಅಷ್ಟು ಬೆಳೆಯಲಾಗದು. ಮನುಷ್ಯನಿಗೂ ಒಪ್ಪುವ ಮಾತಲ್ಲವೆ ಇದು? 100 ಅಡಿಯೆಂದರೆ ಸುಮಾರು 30 ಮೀಟರು. ಅದರ ತುದಿಯನ್ನು ನೋಡಲು ನಾನು ಟೋಪಿಯನ್ನು ಕೈಯಲ್ಲಿ ಹಿಡಿಯಬೇಕಾಯಿತು. ಸುತ್ತ ಗೋಡೆಯಿಲ್ಲ, ಮರವಿಲ್ಲ. ಆಕಾಶಕ್ಕೆ ಏಣಿ ಹಾಕುವುದೆಂಬ ಗಾದೆಯ ಮಾತು ಅಂದು ನನ್ನ ಕಣ್ಣೆದುರಿಗೆ ನಿಂತಿತ್ತು.

ಈ ಏಣಿಗಳ ಏಕಾಧಿಪತ್ಯವೂ ಶಾಶ್ವತವಾಗಿರಲಿಲ್ಲ. 1958ರಲ್ಲಿ ಅಮೆರಿಕದ ಶಿಕಾಗೋ ನಗರದ ಅಗ್ನಿಶಾಮಕ ಮುಖ್ಯಸ್ಥ ರಾಬರ್ಟ್ ಕ್ವಿನ್, ಮರಗಳ ಕೊಂಬೆ ಸವರಲು ಬಳಸುತ್ತಿದ್ದಂಥ ಮಡಿಸುವ ತೋಳಿನ ಯಂತ್ರವನ್ನು ಬೆಂಕಿಯ ಕೆಲಸಕ್ಕೆ ಹಚ್ಚಿದನು. ತೋಳಿನ ತುದಿಗೆ ತೊಟ್ಟಿಲಿನಂಥ ಕಟಾಂಜನ. ಅದರಲ್ಲಿ ಮುದುಕರನ್ನೂ ಮೂರ್ಛೆ ಹೋದವರನ್ನೂ ನಿಲ್ಲಿಸಿ ಇಳಿಸಬಹುದು. 1960ರ ದಶಕದಲ್ಲಿ ಇಂಥ ಯಂತ್ರಗಳು ಬ್ರಿಟನ್ನಿಗೂ ಬಂದು ಎಷ್ಟೋ ಠಾಣೆಗಳಲ್ಲಿ ತಿರುಗುಮಣೆ ಏಣಿಯ ಸ್ಥಾನವನ್ನು ಪಡೆದವು. ಮುಂದೆ ಏಣಿಯನ್ನೂ ತೊಟ್ಟಿಲನ್ನೂ ಒಂದುಗೂಡಿಸಿದ ವಾಹನಗಳು ಹುಟ್ಟಿದವು.

ಎತ್ತರವೊಂದೇ ರಕ್ಷಣೆಯಲ್ಲವೆಂಬುದನ್ನೂ ಕಾಲ ತೋರಿಸಿಕೊಟ್ಟಿದೆ. 2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತುಗಳ ಗ್ರೆನ್‌ಫೆಲ್ ಕಟ್ಟಡ ಹೊತ್ತಿ ಉರಿದಾಗ 72 ಜನ ಪ್ರಾಣ ಕಳೆದುಕೊಂಡರು. ಹೊರಗೋಡೆಗೆ ಹೊದಿಸಿದ ಹೊದಿಕೆಯೇ ಬೆಂಕಿಯನ್ನು ಮೇಲಕ್ಕೆ ಒಯ್ದಿತ್ತು. ಆ ಬಳಿಕ ಲಂಡನ್ ದಳ 64 ಮೀಟರ್ ಎತ್ತರದ ಏಣಿಗಳನ್ನು ತರಿಸಿಕೊಂಡಿತು. ನಮ್ಮ ಬೆಂಗಳೂರೂ ಈ ದುಃಖವನ್ನು ಬಲ್ಲುದು. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು ಹೊಗೆ ತುಂಬಿದಾಗ 9 ಜನ ಸತ್ತರು. ಉಸಿರು ಕಟ್ಟಿದ ಕೆಲವರು ಮೇಲಿನ ಕಿಟಕಿಗಳಿಂದ ಜಿಗಿದಿದ್ದರು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಕೌದಿ ಹರಿದ ಸಪ್ಪಳ ನಲವತ್ತು ವರ್ಷಗಳ ಆಚೆಯಿಂದ ಕಿವಿಗೆ ಬಂದಿತು.

ನಮ್ಮ ರಾಜ್ಯದ ಅಗ್ನಿಶಾಮಕ ದಳಕ್ಕೆ ಆಧಾರವಾದ ಕಾಯಿದೆ 1964ರದು; ಅದು 1965ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಆದರೂ ನಮ್ಮ ಓಣಿಗೆ ಬೆಂಕಿ ಬಿದ್ದ ದಿನ ಕೆಂಪು ಗಾಡಿಯೊಂದು ಹಳ್ಳಿಗೆ ಬರಬಹುದೆಂಬ ಕಲ್ಪನೆಯೇ ನಮಗಿರಲಿಲ್ಲ. ಈಗ ತಾಲ್ಲೂಕಿನ ಊರುಗಳಲ್ಲಿ ಠಾಣೆಗಳಿವೆ. 101 ಅಥವಾ 112ಕ್ಕೆ ಕರೆ ಮಾಡಿದರೆ ಗಾಡಿ ಹೊರಡುತ್ತದೆ. ಬೆಂಗಳೂರಿಗೆ 2022ರಲ್ಲಿ 90 ಮೀಟರ್ ಏರಬಲ್ಲ ಏಣಿಯ ವಾಹನ ಬಂದಿದೆ. ಅದು ಫಿನ್ಲೆಂಡ್ ದೇಶದ ಬ್ರಾಂಟೊ ಕಂಪನಿಯದು. ಪ್ರತಿ ವರ್ಷ ಏಪ್ರಿಲ್ 14ರಿಂದ ಒಂದು ವಾರ ದೇಶವೆಲ್ಲ ಅಗ್ನಿಶಾಮಕ ಸಪ್ತಾಹವನ್ನು ಆಚರಿಸುತ್ತದೆ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಧಕ್ಕೆಯಲ್ಲಿ ಹತ್ತಿಯನ್ನೂ ಮದ್ದುಗುಂಡುಗಳನ್ನೂ ಹೇರಿಕೊಂಡಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕರು ಪ್ರಾಣ ತೆತ್ತರು. ಓಡಿ ಪಾರಾಗಬೇಕಾದ ಕಡೆಗೆ ಓಡಿ ಹೋದವರು ಅವರು. ಹತ್ತು ವರ್ಷದವನಾಗಿ ನಿಂತಲ್ಲಿಯೇ ನಿಂತ ನಾನು ಅವರನ್ನು ನೆನೆದಾಗ ತಲೆ ಬಾಗುತ್ತೇನೆ.

ಮೇಳದ ಮೈದಾನದಲ್ಲಿ ಕೊನೆಗೆ ನಾನು ಆ ಮುದುಕನನ್ನು ಒಂದು ಪ್ರಶ್ನೆ ಕೇಳಿದೆ: ‘ನಿಮ್ಮ ಸೇವೆಯ ಕಾಲದಲ್ಲಿ ಇಂಥ ಏಣಿಯಿಂದ ಎಷ್ಟು ಜನರನ್ನು ಇಳಿಸಿದಿರಿ?’ ನೂರಾರು ಎಂಬ ಉತ್ತರವನ್ನು ನಿರೀಕ್ಷಿಸಿದ್ದೆ. ಅವನು ಸ್ವಲ್ಪ ಯೋಚಿಸಿ ಎರಡು ಬೆರಳು ತೋರಿಸಿದ. ಬೆಂಕಿಗಳಿಗೆ ಮೇಲಿನಿಂದ ನೀರು ಹೊಡೆಯಲು ಏಣಿ ಎಷ್ಟೋ ಸಲ ಏರಿತ್ತಂತೆ. ಆದರೆ ಜನ ಇಳಿದು ಬಂದದ್ದು ಇಬ್ಬರೇ. ‘ಆದರೆ,’ ಎಂದ ಅವನು, ‘ಪ್ರತಿ ಪಾಳಿಯ ಮೊದಲ ಕೆಲಸ ಏಣಿಯನ್ನು ನೋಡುವುದು. ಹಬ್ಬವಿರಲಿ, ಹಿಮ ಬೀಳಲಿ, ವರ್ಷವಿಡೀ ಯಾರೂ ಕರೆಯದಿರಲಿ. ತಂತಿ, ಕೀಲು, ಮೆಟ್ಟಿಲು ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಬೇಕು. ಆ ಇಬ್ಬರು ಯಾವ ದಿನ ಕಿಟಕಿಗೆ ಬರುವರೆಂದು ನಮಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ.’

ನನಗೆ ಥಟ್ಟನೆ ದೀಪ ಹಚ್ಚುವ ಹೊತ್ತು ನೆನಪಾಯಿತು. ಪಡಸಾಲೆಯಲ್ಲಿ ಮಲಗಿದ ಆ ಮುದುಕಿ, ಅಕ್ಷರವನ್ನೇ ಅರಿಯದವಳು, ದಿನಾ ನನ್ನಿಂದ ಮಾಡಿಸುತ್ತಿದ್ದುದು ಇದೇ ಕೆಲಸವನ್ನಲ್ಲವೆ? ನಾನು ಅದನ್ನು ಅವಳ ಭಯವೆಂದು ಕೆಲವು ಕಾಲ ತಿಳಿದಿದ್ದೆ. ನನ್ನ ಮೇಲಿನ ಸಿಟ್ಟೆಂದು ಕೆಲವು ಕಾಲ ತಿಳಿದಿದ್ದೆ. ಅವೆರಡೂ ಅಲ್ಲ. ಆಗಿಹೋದುದಕ್ಕೆ ನನ್ನನ್ನು ದೂಷಿಸುವ ಬದಲು, ಮುಂದೆ ಯಾರಿಗೂ ಹಾಗಾಗದಂತೆ ನೋಡಿಕೊಳ್ಳುವ ಕೆಲಸವನ್ನು ಅವಳು ನನಗೆ ಒಪ್ಪಿಸಿದ್ದಳು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆಯನ್ನು ನಾನು ತರಗತಿಗಳಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅದರ ಅರ್ಥವನ್ನು ನನಗೆ ತಿಳಿಸಿದವಳು ಅವಳು.

ಊರಿಗೆ ಮರಳಿದ ಮೇಲೆ ಒಂದು ಸಂಜೆ ನಮ್ಮ ಹಳೆಯ ಓಣಿಗೆ ಹೋದೆ. ಹೆಚ್ಚಿನ ಮನೆಗಳು ಈಗ ಸಿಮೆಂಟಿನವು. ಮೆಟ್ಟಿಲುಗಳು ಹೊರಗಿನಿಂದಲೇ ಮಾಳಿಗೆಗೆ ಏರುತ್ತವೆ. ಬಿದಿರಿನ ನಿಚ್ಚಣಿಕೆ ಎಂದೋ ಮುರಿದು ಒಲೆಗೆ ಹೋಗಿದೆ. ನಮ್ಮ ಹಳೆಯ ಗೋಡೆ ಮಾತ್ರ ಉಳಿದಿದೆ. ಅದರಲ್ಲಿ ಮೂರು ಗೂಟಗಳೂ ಇವೆ. ಅಲ್ಲಿಂದ ಲಾಡಖಾನ್ ಗುಡಿಯ ಕಡೆಗೆ ನಡೆದೆ. ಕಲ್ಲಿನ ಏಣಿ ಇಟ್ಟಲ್ಲಿಯೇ ಇತ್ತು. ಅದನ್ನು ಯಾವ ಹುಡುಗನೂ ಹುಣಸೆಕಾಯಿಗೆಂದು ಒಯ್ಯಲಾರ; ಸಾವಿರದ ಮುನ್ನೂರು ವರ್ಷಗಳ ಹತ್ತಿರ ಅದು ಆ ಜಾಗದಲ್ಲಿಯೇ ಕಾದು ನಿಂತಿದೆ. ಒಯ್ಯಬಹುದಾದ ಏಣಿಗಳಿಗೆ ಆ ಗುಣವಿಲ್ಲ. ಅವು ಸ್ಥಾನದಲ್ಲಿರಬೇಕಾದರೆ ಯಾರಾದರೂ ದಿನಾ ಹೋಗಿ ನೋಡಬೇಕು.

ಈಗ ನಮ್ಮ ಮನೆಯ ಹಿತ್ತಲ ಗೋಡೆಗೆ ನಾನು ಅಲ್ಯುಮಿನಿಯಮ್ಮಿನ ಒಂದು ಏಣಿಯನ್ನು ತೂಗುಹಾಕಿದ್ದೇನೆ. ನೆರೆಯವರು ಯಾರು ಬೇಕಾದರೂ ಒಯ್ಯಬಹುದು. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳನ್ನು ಕರೆದು, ಅದು ಸ್ಥಾನದಲ್ಲಿದೆಯೇ ನೋಡಿ ಬಾ ಎಂದು ಕಳಿಸುತ್ತೇನೆ. ಅವಳು ಓಡಿಹೋಗಿ ನೋಡಿ ಬಂದು ‘ಐತಿ, ಅಜ್ಜಾ’ ಎನ್ನುತ್ತಾಳೆ. ಆಮೇಲೆ ನಾನು ಊಟಕ್ಕೆ ಏಳುತ್ತೇನೆ.